ರಾಜ್ಯಪಾಲರಿಗೆ ಮತ ಹಾಕುವುದು ಯಾವಾಗ?

ಚುನಾವಣೆ ಬಂತೆಂದರೆ ಅಕ್ಕಲಕೋಟೆಯ ಹಳ್ಳಿಗಳಲ್ಲಿ ಜೀಪುಗಳ ಓಡಾಟ ಶುರುವಾಗುತ್ತದೆ. ಧ್ವನಿವರ್ಧಕ ಒಂದು ಓಣಿಯಲ್ಲಿ ಮರಾಠಿಯಲ್ಲಿ ಕೂಗಿದರೆ ಮುಂದಿನ ಓಣಿಯಲ್ಲಿ ಕನ್ನಡದಲ್ಲಿ ಕೂಗುತ್ತದೆ. ಶಾಲೆಯೇ ಮತಗಟ್ಟೆಯಾಗುವುದರಿಂದ ಮಕ್ಕಳಿಗೆ ರಜೆ!

ಒಮ್ಮೆ ಐದನೆಯ ಇಯತ್ತೆಯ ಹುಡುಗಿಯೊಬ್ಬಳು ಕೇಳಿದಳು: “ಗುರೂಜಿ, ಅಮೆರಿಕಾದಾಗ ರಾಜ್ಯಪಾಲರ ಚುನಾವಣೆ ಆಗತೈತಂತ. ನಮ್ಮಲ್ಲಿ ಯಾವಾಗ ಆಗತೈತ್ರಿ?”

ಒಳ್ಳೆಯ ಪ್ರಶ್ನೆ. ಅಮೆರಿಕಾದ 50 ರಾಜ್ಯಗಳಲ್ಲಿಯೂ ರಾಜ್ಯಪಾಲರನ್ನು ಜನರೇ ಆರಿಸುತ್ತಾರೆ. ಸ್ಪರ್ಧೆ ಹೆಚ್ಚಾಗಿ ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್ ಎಂಬ ಎರಡು ದೊಡ್ಡ ಪಕ್ಷಗಳ ನಡುವೆ. ಗೆದ್ದವರು ತಾವೇ ಸರಕಾರ ನಡೆಸುತ್ತಾರೆ. ಹೆಸರು ರಾಜ್ಯಪಾಲರು, ಕೆಲಸ ನಮ್ಮ ಮುಖ್ಯಮಂತ್ರಿಯದು!

ನಮ್ಮ ಸಂವಿಧಾನ ಬರೆಯುವಾಗಲೂ ರಾಜ್ಯಪಾಲರನ್ನು ಜನರೇ ಆರಿಸಲಿ ಎಂಬ ವಿಚಾರವಿತ್ತು. ಆದರೆ ಮುಖ್ಯಮಂತ್ರಿಯ ಹಿಂದೆಯೂ ಜನರ ಮತ, ರಾಜ್ಯಪಾಲರ ಹಿಂದೆಯೂ ಜನರ ಮತ ಎಂದಾದರೆ ಯಾರ ಮಾತು ನಡೆಯಬೇಕು? ಒಂದೇ ಒರೆಯಲ್ಲಿ ಎರಡು ಕತ್ತಿ ಇಟ್ಟಂತಾದೀತು. ಆದ್ದರಿಂದ 1949ರಲ್ಲಿ ಸಂವಿಧಾನ ಸಭೆಯು ಆ ವಿಚಾರವನ್ನು ಕೈಬಿಟ್ಟಿತು. ಈಗ ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಕೇಂದ್ರ ಸರಕಾರದ ಸಲಹೆಯಂತೆ ಈ ನೇಮಕ ನಡೆಯುತ್ತದೆ. ಇದರಿಂದ ರಾಜ್ಯಪಾಲರಿಗೂ ರಾಜ್ಯ ಸರಕಾರಕ್ಕೂ ಕೆಲವೊಮ್ಮೆ ಜಗಳವಾಗುವುದೂ ಉಂಟು.

ಸೊಲ್ಲಾಪುರದ ಸುಶೀಲಕುಮಾರ ಶಿಂದೆಯವರ ಜೀವನವನ್ನು ನೋಡಿದರೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. 1941ರಲ್ಲಿ ಹುಟ್ಟಿದ ಅವರು ಬಡತನದಿಂದಾಗಿ ಸೊಲ್ಲಾಪುರದ ಕೋರ್ಟಿನಲ್ಲಿ ಸಿಪಾಯಿಯಾಗಿ ದುಡಿದರು. ಮುಂದೆ ಪೊಲೀಸ್ ಅಧಿಕಾರಿಯಾದರು. ಆಮೇಲೆ ರಾಜಕಾರಣಕ್ಕೆ ಬಂದರು. 2002ರಲ್ಲಿ ಉಪರಾಷ್ಟ್ರಪತಿ ಹುದ್ದೆಗೆ ಕಾಂಗ್ರೆಸ್ ಪಕ್ಷದಿಂದ ಅವರು, ಭಾರತೀಯ ಜನತಾ ಪಕ್ಷದಿಂದ ಭೈರೋನ್ ಸಿಂಗ್ ಶೇಖಾವತ್ ನಿಂತರು. ಆಗ ಮತ ಹಾಕಿದವರು ನಾವಲ್ಲ, ನಾವು ಆರಿಸಿ ಕಳಿಸಿದ ಖಾಸದಾರರು ಮತ್ತು ರಾಜ್ಯಸಭೆಯ ಸದಸ್ಯರು. ಶೇಖಾವತ್ ಅವರಿಗೆ 454, ಶಿಂದೆಯವರಿಗೆ 305 ಮತಗಳು ಬಂದವು.

2003ರ ಜನವರಿಯಲ್ಲಿ ಶಿಂದೆಯವರು ಮಹಾರಾಷ್ಟ್ರದ ಮುಖ್ಯಮಂತ್ರಿಯಾದರು. ಆಗ ಅವರು ಆಮದಾರರಾಗಿರಲಿಲ್ಲ. ಮುಖ್ಯಮಂತ್ರಿಯಾದವರು ಆರು ತಿಂಗಳೊಳಗೆ ವಿಧಾನಮಂಡಲದ ಸದಸ್ಯರಾಗಲೇಬೇಕು. ಆದ್ದರಿಂದ ಅವರು ದಕ್ಷಿಣ ಸೊಲ್ಲಾಪುರದ ಮತದಾರರ ಮುಂದೆ ಬಂದು ನಿಂತು ಗೆದ್ದರು.

2004ರ ನವೆಂಬರಿನಲ್ಲಿ ಅವರು ಆಂಧ್ರಪ್ರದೇಶದ ರಾಜ್ಯಪಾಲರಾದರು. ಅದಕ್ಕೆ ಅಲ್ಲಿಯ ಜನರ ಮತವೂ ಬೇಕಾಗಲಿಲ್ಲ, ಇಲ್ಲಿಯವರದೂ ಬೇಕಾಗಲಿಲ್ಲ. ರಾಷ್ಟ್ರಪತಿಗಳ ಆದೇಶವೊಂದು ಸಾಕಾಯಿತು. 2006ರಲ್ಲಿ ಆ ಹುದ್ದೆ ಬಿಟ್ಟು ಕೇಂದ್ರ ಮಂತ್ರಿಯಾದರು. ಮುಂದೆ 2014ರಲ್ಲಿ ಸೊಲ್ಲಾಪುರದಿಂದ ಲೋಕಸಭೆಗೆ ನಿಂತಾಗ ಮತದಾರರು ಅವರನ್ನು ಬಿಟ್ಟು ಬೇರೊಬ್ಬರನ್ನು ಆರಿಸಿದರು.

“ಹಂಗಾರ ರಾಜ್ಯಪಾಲರಿಗೆ ರಜಾ ಇಲ್ಲೇನ್ರಿ?” ಎಂದಳು ಹುಡುಗಿ. ಇಲ್ಲ. ಆ ದಿನವೂ ಶಾಲೆ ಇರುತ್ತದೆ.