ಬಿಡ್ಡಿ ಮೇಸನ್ ಮನೆತನ ಹುಡುಕೋಣ

ಅಜ್ಜಿಯ ಹೆಸರು ನಮಗೆ ಗೊತ್ತು. ಅಜ್ಜಿಯ ತಾಯಿಯ ಹೆಸರು? ನಮ್ಮಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲ, ಅಲ್ಲವೇ?

ಅಮೆರಿಕದಲ್ಲೂ ಹೀಗೇ. 1840ರ ನಂತರ ಅಲ್ಲಿ ಸಾವಿರಾರು ಸಂಸಾರಗಳು ಗಾಡಿ ಕಟ್ಟಿಕೊಂಡು ಪಶ್ಚಿಮದ ಹೊಸ ಸೀಮೆಗೆ ಹೋದವು. ಹಾಗೆ ಹೋದ ಹೆಂಗಸರ ಮನೆತನವನ್ನು ಈಗ ಹುಡುಕುವುದು ಹೇಗೆ? ಬಿಡ್ಡಿ ಮೇಸನ್ ಕತೆ ನೋಡೋಣ.

ಬಿಡ್ಡಿ ಹುಟ್ಟಿದ್ದು 1818ರಲ್ಲಿ. ಕಪ್ಪು ಜನಾಂಗದವಳು. ಹುಟ್ಟಿನಿಂದಲೇ ಗುಲಾಮಳು. ಆಗ ಅಲ್ಲಿ ದನ ಮಾರುವ ಹಾಗೆ ಜನರನ್ನೂ ಮಾರುತ್ತಿದ್ದರು. 1848ರಲ್ಲಿ ಅವಳ ಒಡೆಯ ಪಶ್ಚಿಮಕ್ಕೆ ಹೊರಟ. ಬಿಡ್ಡಿ ಗಾಡಿಗಳ ಹಿಂದೆ ದನ ಹೊಡೆದುಕೊಂಡು ನಡೆದಳು. ಜೊತೆಗೆ ಮೂರು ಹೆಣ್ಣು ಮಕ್ಕಳು. ಸಾವಿರ ಮೈಲಿಗೂ ಹೆಚ್ಚು ದೂರ!

1851ರಲ್ಲಿ ಅವರು ಕ್ಯಾಲಿಫೋರ್ನಿಯಾ ಸೇರಿದರು. ಅಲ್ಲಿಯ ಕಾನೂನು ಗುಲಾಮಗಿರಿಯನ್ನು ಒಪ್ಪುತ್ತಿರಲಿಲ್ಲ. ಆದರೂ ಒಡೆಯ ಅವಳನ್ನು ಬಿಡಲಿಲ್ಲ. ಸಂಗತಿ ಕೋರ್ಟಿಗೆ ಹೋಯ್ತು. 1856ರಲ್ಲಿ ತೀರ್ಪು ಬಂತು. ಬಿಡ್ಡಿ, ಅವಳ ಮಕ್ಕಳು ಸೇರಿ 14 ಮಂದಿಗೆ ಬಿಡುಗಡೆ ಆಯ್ತು.

ಬಿಡ್ಡಿ ಲಾಸ್ ಏಂಜಲಿಸ್ ಊರಿನಲ್ಲಿ ಸೂಲಗಿತ್ತಿಯಾದಳು. ಕಾಸು ಕಾಸು ಕೂಡಿಸಿದಳು. 1866ರಲ್ಲಿ 250 ಡಾಲರ್ ಕೊಟ್ಟು ಜಾಗ ಕೊಂಡಳು.

ಇದೆಲ್ಲ ಹೇಗೆ ಗೊತ್ತಾಯ್ತು? ಕಾಗದಗಳಿಂದ. ಕೋರ್ಟಿನ ತೀರ್ಪು ಉಳಿದಿತ್ತು. ಜಾಗದ ಪತ್ರ ಇತ್ತು. ಜನಗಣತಿಯ ಪಟ್ಟಿ ಇತ್ತು. ಮನೆತನ ಹುಡುಕುವವರು ಹಿಂದಕ್ಕೆ ಹೋಗುತ್ತಾರೆ. ಮೊಮ್ಮಗಳಿಂದ ಮಗಳಿಗೆ, ಮಗಳಿಂದ ತಾಯಿಗೆ.

ಆದರೆ ಒಂದು ಕಡೆ ದಾರಿ ನಿಂತುಬಿಡುತ್ತದೆ. ಕಪ್ಪು ಜನರೆಲ್ಲರ ಹೆಸರನ್ನು ಗಣತಿಯಲ್ಲಿ ಬರೆದದ್ದು 1870ರಲ್ಲಿ. 1850 ಮತ್ತು 1860ರಲ್ಲಿ ಗುಲಾಮರಿಗೆ ಬೇರೆ ಪಟ್ಟಿ. ಅದರಲ್ಲಿ ಒಡೆಯನ ಹೆಸರು ಉಂಟು. ಗುಲಾಮರದು ವಯಸ್ಸು, ಬಣ್ಣ, ಗಂಡೋ ಹೆಣ್ಣೋ, ಇಷ್ಟೇ. ಇಂಥ ಪಟ್ಟಿಯಲ್ಲಿ ಬಿಡ್ಡಿಯ ತಾಯಿಯನ್ನು ಹುಡುಕುವುದು ಹೇಗೆ? ಬಿಳಿ ಹೆಂಗಸರ ಪಾಡೂ ಅಷ್ಟೇ. 1850ಕ್ಕೆ ಮೊದಲು ಗಣತಿಯವರು ಮನೆಯ ಯಜಮಾನನ ಹೆಸರು ಮಾತ್ರ ಬರೆಯುತ್ತಿದ್ದರು.

ಬಿಡ್ಡಿಗೆ ಓದು ಬರಹ ಬರುತ್ತಿರಲಿಲ್ಲ. ಪತ್ರಕ್ಕೆ ಸಹಿ ಬದಲು ಗೀಟಿನ ಗುರುತು ಹಾಕುತ್ತಿದ್ದಳು. ಆದರೂ ಪತ್ರವನ್ನು ತನ್ನ ಹೆಸರಿಗೇ ಮಾಡಿಸಿದಳು. ಅದರಿಂದಲೇ ಅವಳ ಕತೆ ಉಳಿಯಿತು. 1891ರಲ್ಲಿ ತೀರಿಕೊಂಡಳು. ಅವಳ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 1988ರಲ್ಲಿ!

ಅಕ್ಕತಂಗಿಯರೇ, ನಮಗೆ ಈಗ ಅಕ್ಷರ ಬಂದಿದೆ. ಇವತ್ತೇ ಒಂದು ಹಾಳೆ ತೆಗೆದುಕೊಳ್ಳೋಣ. ಅಮ್ಮ, ಅಜ್ಜಿ, ಮುತ್ತಜ್ಜಿಯ ಹೆಸರು, ತವರೂರು ಬರೆಯೋಣ. ಗೊತ್ತಿಲ್ಲದ್ದನ್ನು ಹಿರಿಯರನ್ನು ಕೇಳೋಣ. ಕೊನೆಗೆ ನಮ್ಮ ಹೆಸರನ್ನೂ ಬರೆಯೋಣ.