ಹಗರಣದ ಹೆದ್ದಾರಿಗೆ ಕ್ಯಾಮೆರಾ ಬಂದೀತೇ?

ಅಮೆರಿಕದಲ್ಲಿ ರಾಜಕೀಯ ಹಗರಣವೊಂದು ನ್ಯಾಯಾಲಯದಲ್ಲಿ ಮುಗಿದ ಮಾತ್ರಕ್ಕೆ ಮುಗಿಯುವುದಿಲ್ಲ. ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿ ಐವರು ಸಿಕ್ಕಿಬಿದ್ದದ್ದು 1972ರ ಜೂನ್‌ನಲ್ಲಿ. ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟದ್ದು 1974ರ ಆಗಸ್ಟ್‌ನಲ್ಲಿ. 2013ರಲ್ಲಿ ಪೆನ್ನಿ ಲೇನ್ ಎಂಬ ನಿರ್ದೇಶಕಿ, ನಿಕ್ಸನ್ನರ ಮೂವರು ಆಪ್ತರು ತಮ್ಮ ಕೈಕ್ಯಾಮೆರಾಗಳಲ್ಲಿ ತೆಗೆದಿದ್ದ ದೃಶ್ಯಗಳನ್ನೇ ಮುಖ್ಯವಾಗಿ ಬಳಸಿ ಸಾಕ್ಷ್ಯಚಿತ್ರವೊಂದನ್ನು ಮಾಡಿದರು. 2018ರಲ್ಲಿ ಚಾರ್ಲ್ಸ್ ಫರ್ಗುಸನ್ ಅದೇ ಹಗರಣದ ಮೇಲೆ ನಾಲ್ಕು ಗಂಟೆಗಳ ಸುದೀರ್ಘ ಚಿತ್ರ ತೆಗೆದರು. ನಟರನ್ನು ಕೂರಿಸಿ ಧ್ವನಿಸುರುಳಿಗಳ ಮಾತುಗಳನ್ನು ಆಡಿಸಿದ ಅವರ ಕ್ರಮ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಮೂಲ ಧ್ವನಿಯೇ ಇರುವಾಗ ವೇಷವೇಕೆ?

ಅದೇ 2018ರಲ್ಲಿ ಬಂದ ‘ದಿ ಕ್ಲಿಂಟನ್ ಅಫೇರ್’ ಸರಣಿಯ ಮಹತ್ವ ಬೇರೆ ಬಗೆಯದು. 1998ರಲ್ಲಿ ಮೋನಿಕಾ ಲೆವಿನ್‌ಸ್ಕಿ ಜಗತ್ತಿನೆಲ್ಲೆಡೆ ನಗೆಹನಿಯ ವಸ್ತುವಾಗಿದ್ದರು. ಇಪ್ಪತ್ತು ವರ್ಷಗಳ ನಂತರ ಅದೇ ಮಹಿಳೆ ಕ್ಯಾಮೆರಾದ ಮುಂದೆ ಕುಳಿತು, ತನಿಖಾಧಿಕಾರಿಗಳು ತನ್ನನ್ನು ಹೋಟೆಲ್ ಕೊಠಡಿಯಲ್ಲಿ ಸುತ್ತುವರಿದ ದಿನವನ್ನು ವಿವರಿಸುವಾಗ ನಗು ಬರುವುದಿಲ್ಲ. ಹಗರಣ ಅದೇ, ದಾಖಲೆಗಳೂ ಹೆಚ್ಚುಕಡಿಮೆ ಅವೇ. ಮಾತನಾಡುವವರು ಬದಲಾಗಿದ್ದಾರೆ ಅಷ್ಟೆ. ಮರುಭೇಟಿಯ ಸಾರ್ಥಕತೆ ಇರುವುದು ಇಲ್ಲಿಯೇ ಎಂದು ನನಗನಿಸುತ್ತದೆ.

ಇದನ್ನೆಲ್ಲ ನೋಡುವಾಗ ನಮ್ಮ ಕೊಪ್ಪಳ ಜಿಲ್ಲೆಯ ಹೆದ್ದಾರಿ ನೆನಪಾಗುತ್ತದೆ. ಅಂಕೋಲಾ–ಗುತ್ತಿ ರಾಷ್ಟ್ರೀಯ ಹೆದ್ದಾರಿಗೆ ಆಗ 63 ಎಂಬ ಸಂಖ್ಯೆಯಿತ್ತು. ಹೊಸಪೇಟೆ ದಾಟಿ ಮುನಿರಾಬಾದ್, ಗಿಣಿಗೇರಾ, ಕೊಪ್ಪಳ, ಮುಂದೆ ಅಂದಿನ ಯಲಬುರ್ಗಾ ತಾಲ್ಲೂಕಿನ ಭಾನಾಪುರ, ತಳಕಲ್, ಬನ್ನಿಕೊಪ್ಪಗಳ ಮೂಲಕ ಬಳ್ಳಾರಿ ಸೀಮೆಯ ಅದಿರಿನ ಲಾರಿಗಳು ಹುಬ್ಬಳ್ಳಿ ಹಿಡಿದು ಬೇಲೆಕೇರಿ ಬಂದರಿಗೆ ಇಳಿಯುತ್ತಿದ್ದವು. ಆ ವರ್ಷಗಳಲ್ಲಿ ಬಸ್ಸಿನಲ್ಲಿ ಈ ದಾರಿಯಾಗಿ ಓಡಾಡಿದ ನನಗೆ ಕಿಟಕಿಯ ಗಾಜು, ರಸ್ತೆಬದಿಯ ಬೇವಿನ ಎಲೆ, ಚಹಾದಂಗಡಿಯ ತಗಡು ಎಲ್ಲವೂ ಕೆಂಪಾಗಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಲೋಕಾಯುಕ್ತ ವರದಿ ಬರುವ ಎಷ್ಟೋ ಮುಂಚೆ ಈ ಊರುಗಳ ಜನ ಹಗರಣವನ್ನು ಉಸಿರಾಡುತ್ತಿದ್ದರು.

ವರದಿಯ ಕಥೆ ಎಲ್ಲರಿಗೂ ಗೊತ್ತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2011ರ ಜುಲೈ 27ರಂದು ಸಲ್ಲಿಸಿದ ಎರಡನೆಯ ವರದಿ, ರಾಜ್ಯದ ಬೊಕ್ಕಸಕ್ಕೆ ₹16,085 ಕೋಟಿ ನಷ್ಟವಾಗಿದೆ ಎಂದಿತು. ನಾಲ್ಕೇ ದಿನಗಳಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ನೀಡಿದರು. ಸೆಪ್ಟೆಂಬರ್ 5ರಂದು ಸಿಬಿಐ ಗಾಲಿ ಜನಾರ್ದನ ರೆಡ್ಡಿ ಅವರನ್ನು ಬಂಧಿಸಿತು. ಇದಾದ ಮೂರು ವಾರಗಳಲ್ಲೇ, ಸೆಪ್ಟೆಂಬರ್ 26ರಂದು, ಕೊಪ್ಪಳ ವಿಧಾನಸಭಾ ಕ್ಷೇತ್ರಕ್ಕೆ ಉಪಚುನಾವಣೆ ನಡೆಯಿತು. 2008ರಲ್ಲಿ ಜೆಡಿಎಸ್‌ನಿಂದ ಗೆದ್ದು, ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದ್ದ ಕರಡಿ ಸಂಗಣ್ಣ ಅವರೇ ಮತ್ತೆ ಗೆದ್ದರು. ಹಗರಣದ ಕಾವು ಅತಿ ಹೆಚ್ಚಾಗಿದ್ದ ತಿಂಗಳಲ್ಲಿ, ಅದಿರಿನ ಹೆದ್ದಾರಿಯ ಮೇಲಿನ ಕ್ಷೇತ್ರವೊಂದು ಹೀಗೆ ತೀರ್ಪು ಕೊಟ್ಟಿತು. ಏಕೆ? ಈ ಪ್ರಶ್ನೆಗೆ ಬೆಂಗಳೂರಿನ ಸ್ಟುಡಿಯೊದಲ್ಲಿ ಕುಳಿತು ಉತ್ತರಿಸಿದವರು ಬಹಳ. ಮತ ಹಾಕಿದವರನ್ನು ಕೇಳಿದವರು ಕಡಿಮೆ.

ಗಂಗಾವತಿಯ ಪ್ರಸಂಗ ಇನ್ನೂ ಜಟಿಲ. 2015ರಲ್ಲಿ ಜಾಮೀನು ನೀಡುವಾಗ ಸುಪ್ರೀಂ ಕೋರ್ಟ್ ರೆಡ್ಡಿ ಅವರಿಗೆ ಬಳ್ಳಾರಿ ಪ್ರವೇಶವನ್ನು ನಿರ್ಬಂಧಿಸಿತ್ತು. ಬಳ್ಳಾರಿಯ ಬಾಗಿಲು ಮುಚ್ಚಿದ್ದರಿಂದ ನೆರೆಯ ಗಂಗಾವತಿ ಅವರ ರಾಜಕೀಯದ ಮನೆಯಾಯಿತು. 2022ರ ಡಿಸೆಂಬರ್‌ನಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿ, ಫುಟ್‌ಬಾಲ್ ಚಿಹ್ನೆಯ ಮೇಲೆ 2023ರಲ್ಲಿ ಅಲ್ಲಿಂದ 8 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. 2024ರ ಮಾರ್ಚ್‌ನಲ್ಲಿ ಆ ಪಕ್ಷ ಬಿಜೆಪಿಯಲ್ಲಿ ವಿಲೀನವಾಯಿತು. 2025ರ ಮೇ 6ರಂದು ಹೈದರಾಬಾದಿನ ಸಿಬಿಐ ನ್ಯಾಯಾಲಯ ಓಬಳಾಪುರಂ ಪ್ರಕರಣದಲ್ಲಿ 7 ವರ್ಷ ಶಿಕ್ಷೆ ವಿಧಿಸಿತು, ಶಾಸಕತ್ವವೂ ಹೋಯಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟ ಮೇಲೆ ಶಾಸಕತ್ವ ಮರಳಿತು. ವಾಟರ್‌ಗೇಟ್ ಕಥೆಗೆ ಇಷ್ಟು ತಿರುವುಗಳಿಲ್ಲ!

ಹಾಗಾದರೆ ಚಿತ್ರ ಏಕಿಲ್ಲ? ಇಲ್ಲವೇ ಇಲ್ಲ ಎನ್ನಲಾಗದು. ಪತ್ರಕರ್ತ ಪರಂಜಯ್ ಗುಹಾ ಠಾಕುರ್ತಾ ಅವರು ಹಗರಣದ ದಿನಗಳಲ್ಲೇ ‘ಬ್ಲಡ್ ಅಂಡ್ ಐರನ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಆದರೆ ಅದು ಬೆಂಕಿ ಉರಿಯುತ್ತಿರುವಾಗ ತೆಗೆದ ಚಿತ್ರ. ಬೂದಿ ಕೆದಕುವ ಕೆಲಸ ಬಾಕಿ ಇದೆ. ಅದಕ್ಕೆ ಬೇಕಾದದ್ದು ಭಂಡಾರ. 1973ರಲ್ಲಿ ಅಮೆರಿಕದ ಸೆನೆಟ್ ನಡೆಸಿದ ವಾಟರ್‌ಗೇಟ್ ವಿಚಾರಣೆಯನ್ನು ಅಲ್ಲಿನ ಸಾರ್ವಜನಿಕ ಟಿ.ವಿ. ರಾತ್ರಿಯ ವೇಳೆ ಪೂರ್ಣವಾಗಿ ಮರುಪ್ರಸಾರ ಮಾಡಿತು. ಆ ಟೇಪುಗಳು ಉಳಿದವು. ನಿಕ್ಸನ್ನರ ಧ್ವನಿಸುರುಳಿಗಳು ಅವರ ಸ್ವಂತ ಆಸ್ತಿಯಾಗದಂತೆ 1974ರಲ್ಲಿ ಕಾನೂನನ್ನೇ ಮಾಡಲಾಯಿತು. ನಮ್ಮಲ್ಲಿ ಖಾಸಗಿ ವಾಹಿನಿಗಳು ತೆಗೆದ ದೃಶ್ಯಗಳು ಆಯಾ ವಾಹಿನಿಯ ಸೊತ್ತು; ಅವನ್ನು ಉಳಿಸಬೇಕೆಂಬ ಸಾರ್ವಜನಿಕ ಹೊಣೆ ಯಾರಿಗೂ ಇಲ್ಲ. ಜಿಲ್ಲೆಯ ಕೇಬಲ್ ವಾಹಿನಿಗಳ ಕ್ಯಾಸೆಟ್ಟುಗಳ ಗತಿಯನ್ನು ಕೇಳುವುದೇ ಬೇಡ.

ಉಳಿದ ದೃಶ್ಯಗಳಲ್ಲೂ ಏನಿದೆ? ಹೆಲಿಕಾಪ್ಟರ್, ಬಂಗಲೆ, ಚಿನ್ನದ ಕುರ್ಚಿ. ಬೆರಗಿನಿಂದ ತೆಗೆದ ಇಂಥ ದೃಶ್ಯಗಳು ಆರೋಪಿಯನ್ನು ಕಥಾನಾಯಕನನ್ನಾಗಿಸಿದವು ಎಂದರೆ ತಪ್ಪಾಗಲಾರದು.

ಚಿತ್ರ ಮಾಡುವವರಿಗೆ ಇನ್ನೊಂದು ಕಷ್ಟವೂ ಇದೆ. ಹಗರಣದಲ್ಲಿ ಹೆಸರು ಬಂದವರೆಲ್ಲ ಅಪರಾಧಿಗಳಲ್ಲ. ಗಣಿ ಕಂಪನಿಯೊಂದರಿಂದ ಲಂಚ ಪಡೆದ ಆರೋಪದ ಪ್ರಕರಣದಲ್ಲಿ ಯಡಿಯೂರಪ್ಪ ಅವರನ್ನು ಸಿಬಿಐ ವಿಶೇಷ ನ್ಯಾಯಾಲಯ 2016ರ ಅಕ್ಟೋಬರ್‌ನಲ್ಲಿ ಖುಲಾಸೆಗೊಳಿಸಿತು. ಬೇಲೆಕೇರಿ ಅದಿರು ಪ್ರಕರಣದಲ್ಲಿ 2024ರ ಅಕ್ಟೋಬರ್‌ನಲ್ಲಿ ಶಿಕ್ಷೆಯಾದ ಶಾಸಕ ಸತೀಶ್ ಸೈಲ್ ಕಾಂಗ್ರೆಸ್‌ನವರು. ಅವರ ಶಿಕ್ಷೆಯನ್ನು ಮರುತಿಂಗಳು ಹೈಕೋರ್ಟ್ ಅಮಾನತಿನಲ್ಲಿಟ್ಟಿತು. ಒಂದೇ ಪಕ್ಷದ ಕಥೆಯಾಗಿ ಇದನ್ನು ಹೇಳಹೊರಟ ಚಿತ್ರ ಅರ್ಧದಾರಿಯಲ್ಲೇ ಸುಳ್ಳಾಗುತ್ತದೆ.

ಬಳ್ಳಾರಿಯ ಬಂಗಲೆಯ ಬದಲು ಗಿಣಿಗೇರಾದ ಚಹಾದಂಗಡಿಯಿಂದ ಚಿತ್ರ ಆರಂಭವಾಗಲಿ ಎಂಬುದು ನನ್ನ ಆಸೆ. ರಾತ್ರಿ ಎಷ್ಟು ಲಾರಿ ಹೋಗುತ್ತಿದ್ದವು, ಅಳತೆ ಮೀರಿ ತುಂಬಿದ ಲಾರಿಗೆ ಯಾವ ತಪಾಸಣಾ ಠಾಣೆಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಬಲ್ಲ ಚಾಲಕರಿಗೆ ಈಗ ಐವತ್ತು–ಅರವತ್ತರ ಪ್ರಾಯ. ಮಳೆ ಕೈಕೊಟ್ಟ ವರ್ಷ ಗುಳೆ ಹೊರಟ ಕುಷ್ಟಗಿ, ಯಲಬುರ್ಗಾದ ಹಳ್ಳಿಗರಲ್ಲಿ ಗೋವಾ, ಮಂಗಳೂರಿನ ಬದಲು ಗಣಿಯ ಕಡೆ ಹೋದವರೆಷ್ಟು ಎಂದೂ ಕೇಳಬೇಕು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ದುಡಿಯುವ ಮತದಾರನನ್ನು 2023ರಲ್ಲಿ ಫುಟ್‌ಬಾಲ್ ಗುರುತಿಗೆ ಒತ್ತಿದೆಯಾ, ಏಕೆ ಒತ್ತಿದೆ ಎಂದು ಬೈಯದೆ, ಅಣಕಿಸದೆ ಕೇಳಿ, ಅವನ ಉತ್ತರ ಮುಗಿಯುವವರೆಗೆ ಕ್ಯಾಮೆರಾ ನಿಲ್ಲಿಸದಿರಬೇಕು.