ಹೊಳೆಯೂ ಒರತೆಯೂ

ಹೊಳೆಯ ನೀರು ಬೇರೆ, ಬಾವಿಯ ನೀರು ಬೇರೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಸ್ತುತಃ ಇವೆರಡೂ ಒಂದೇ ಕಣಜದ ಕಾಳು.

ಮಳೆಗಾಲ ಕಳೆದು ತಿಂಗಳುಗಳಾದ ಮೇಲೂ ಹೊಳೆಯೊಂದು ಹರಿಯುತ್ತಿದ್ದರೆ ಆ ನೀರು ಎಲ್ಲಿಯದು? ಇಕ್ಕೆಲದ ನೆಲದಲ್ಲಿ ಇಂಗಿದ ಮಳೆಯು ಮೆಲ್ಲನೆ ಒಸರಿ ಬಂದುದು. ನೆಲದೊಳಗಣ ನೀರಿನ ಮಟ್ಟವು ಹೊಳೆಯ ಪಾತ್ರಕ್ಕಿಂತ ಮೇಲಿದ್ದರೆ ನೆಲವು ಹೊಳೆಗೆ ಕೊಡುತ್ತದೆ. ಕೆಳಗಿಳಿದರೆ ಹೊಳೆಯೇ ನೆಲಕ್ಕೆ ತೆರಬೇಕಾಗುತ್ತದೆ. ನಮ್ಮಂತಹ ಒಣಸೀಮೆಗಳಲ್ಲಿ ಒಂದೇ ವರ್ಷದೊಳಗೆ ಈ ವ್ಯವಹಾರವು ತಿರುವುಮುರುವಾಗುವುದುಂಟು. ಪಾವಗಡ, ಮಧುಗಿರಿಗಳ ಕಡೆ ಹೊಳೆಯ ಮರಳನ್ನು ಬಗೆದು ತಲಪರಿಗೆ ತೋಡಿದ ರೈತರು ಈ ಮರ್ಮವನ್ನು ಬಲ್ಲವರು.

ಈ ಸಂಬಂಧವು ಕಡಿದರೆ ಏನಾಗುವುದೆಂಬುದಕ್ಕೆ ಅರ್ಕಾವತಿಯೇ ಸಾಕ್ಷಿ. ನಂದಿಬೆಟ್ಟದಲ್ಲಿ ಹುಟ್ಟುವ ಈ ನದಿಗೆ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟೆ ಕಟ್ಟಿ ಬೆಂಗಳೂರಿಗೆ ನೀರು ತರಲಾಯಿತು. 1980ರ ದಶಕದಿಂದೀಚೆಗೆ ಆ ಜಲಾಶಯಕ್ಕೆ ಬರುವ ನೀರು ಬಹುವಾಗಿ ಕುಗ್ಗಿತು; ಮಳೆಯಾದರೋ ಅಷ್ಟು ಕುಗ್ಗಿರಲಿಲ್ಲ. ಕೊಳವೆಬಾವಿಗಳು ನೂರಾರು ಅಡಿ ಇಳಿದುವು, ನೀಲಗಿರಿ ತೋಪುಗಳು ಹಬ್ಬಿದುವು, ನೆಲದ ನೀರು ಪಾತ್ರದಿಂದ ಬಹು ಕೆಳಗೆ ಹೋಯಿತು. ಒಸರು ನಿಂತಿತು; ಮಳೆಗಾಲದ ನೀರೂ ಮೊದಲು ಒಣನೆಲದ ದಾಹವನ್ನು ತೀರಿಸಬೇಕಾಯಿತು.

ಆದುದರಿಂದ ಒಂದೇ ನೀರನ್ನು ಬಾವಿಯ ಲೆಕ್ಕದಲ್ಲೊಮ್ಮೆ, ನದಿಯ ಲೆಕ್ಕದಲ್ಲೊಮ್ಮೆ ಎಣಿಸಿದರೆ, ಕಾಗದದ ಮೇಲಿರುವ ನೀರು ಪಾತ್ರದಲ್ಲಿರದು. ಹೊಳೆಯನ್ನು ಉಳಿಸಬೇಕೆನ್ನುವವರು ಮೊದಲು ಬಾವಿಯೊಳಗೆ ಇಣಿಕಿ ನೋಡಬೇಕು.